ಕೇಬಲ್ ಕಾರಿನಲ್ಲಿ ಕ್ಷಮಾಪಣೆ

ರೈಸ್ ಕುಕ್ಕರಿನ ವೈರು ಬಂದಿತ್ತು. ಕುಕ್ಕರು ಬಂದಿರಲಿಲ್ಲ.

ನೆದರ್ಲೆಂಡ್ಸಿನ ಆಮ್‌ಸ್ಟೆಲ್‌ವೇನಿನಿಂದ ಆಸ್ಟ್ರಿಯಾದ ಆ ಬೆಟ್ಟದೂರಿನವರೆಗೆ ಹಗಲೆಲ್ಲ ಕಾರಿನಲ್ಲಿ ಕೂತು ಬಂದ ಮೈಥಿಲಿ, ಮರುದಿನ ಬೆಳಿಗ್ಗೆ ಬಾಡಿಗೆ ಮನೆಯ ಅಡುಗೆ ಕಟ್ಟೆಯ ಮೇಲೆ ಚೀಲ ಬಿಚ್ಚಿದಳು. ಅಕ್ಕಿ ಇತ್ತು, ಬೇಳೆ ಇತ್ತು, ಸಾರಿನ ಪುಡಿ ಇತ್ತು, ಹಪ್ಪಳ ಕೂಡ ಮುರಿಯದೆ ಬಂದಿತ್ತು. ಎಲ್ಲದರ ಅಡಿಯಲ್ಲಿ ವೈರು ಮಾತ್ರ ಕೇರೆಹಾವಿನ ಮರಿಯ ಹಾಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಕುಕ್ಕರನ್ನು ಕಾರಿಗೆ ಇಡುವ ಕೆಲಸ ಗಂಡ ವಾಮನನದು. ಹೊರಡುವ ಮುಂಚೆ ಮತ್ತೆ ಮತ್ತೆ ಜ್ಞಾಪಿಸಿದ್ದಳು. ಪ್ರತಿ ಸಲವೂ ಅವನು ಫೋನಿನಿಂದ ತಲೆ ಎತ್ತದೆ "ಆಯ್ತು ಕಣೇ" ಎಂದಿದ್ದ.

ಇದೆಲ್ಲ ನಡೆಯುವಾಗ ವಾಮನ ಸ್ನಾನದ ಮನೆಯಲ್ಲಿದ್ದ. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಚೀಲ ಮೊದಲಿನ ಹಾಗೇ ಮುಚ್ಚಿತ್ತು. ಮೈಥಿಲಿ ನೇರಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಒಂಬತ್ತು ವರ್ಷದ ಮಗಳು ಹಿತಾಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀವು ಮಾಡಿರೋದು ನಂಗೆ ಗೊತ್ತಾಯ್ತು ರೀ."

"ಏನು ಗೊತ್ತಾಯ್ತು?"

"ಅದನ್ನೂ ನಾನೇ ಹೇಳ್ಬೇಕಾ? ಮುಖ ಕೊಟ್ಟು ಮಾತಾಡ್ದೆ, ಕೇಳಿದಾಗೆಲ್ಲ ಸುಳ್ಳು ಹೇಳ್ಕೊಂಡು ಬಂದ್ರಲ್ಲ, ನೀವೇ ಯೋಚ್ನೆ ಮಾಡಿ."

ಅಷ್ಟು ಹೇಳಿ ಅವಳು ಮಾತು ನಿಲ್ಲಿಸಿದಳು. ಸಿಟ್ಟು ಬಂದರೆ ಕೂಗಾಡುವ ಹೆಂಡತಿಯನ್ನು ಹೇಗೋ ಸಂಭಾಳಿಸಬಹುದು. ಮೈಥಿಲಿ ಕೂಗಾಡುವವಳಲ್ಲ. ಅವಳ ಮೌನ ಮೈಸೂರಿನ ಮೇ ತಿಂಗಳ ಕರೆಂಟ್ ಕಟ್ ಇದ್ದ ಹಾಗೆ. ಕರೆಂಟ್ ಮತ್ತೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ವಾಮನನ ತಲೆಗೆ ಕುಕ್ಕರು ಹೊಳೆಯಲೇ ಇಲ್ಲ. ಹೊಳೆದದ್ದು ಒಂದೇ: ಬುಧವಾರ! ಬುಧವಾರದ ವಿಷಯ ಇವಳಿಗೆ ಗೊತ್ತಾಗಿಹೋಗಿದೆ!

ಬುಧವಾರದ ವಿಷಯ ಏನೆಂಬುದನ್ನು ಇನ್ನು ಸ್ವಲ್ಪ ಹೊತ್ತಿಗೆ ಅವನೇ ಬಾಯಿಬಿಟ್ಟು ಹೇಳಲಿದ್ದಾನೆ. ಅದಕ್ಕೆ ಮೊದಲು ಇವರೆಲ್ಲ ಈ ಬೆಟ್ಟಕ್ಕೆ ಬಂದದ್ದು ಹೇಗೆಂದು ಹೇಳಿಬಿಡುವುದು ವಾಸಿ.

ವಾಮನ ಜೈಡಾಸ್ ಎಂಬ ಆಫೀಸು ಬಡಾವಣೆಯ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ನೆದರ್ಲೆಂಡ್ಸಿಗೆ ಬಂದಾಗಿನಿಂದ ಅವನಿಗೆ ಹತ್ತಲು ಸಿಕ್ಕ ಎತ್ತರವೆಂದರೆ ಮನೆಯ ಮೆಟ್ಟಿಲೊಂದೇ. ಅದಂತೂ ಏಣಿಯನ್ನು ಗೋಡೆಗೆ ಒರಗಿಸಿ ಮೇಲೆ ಕಾರ್ಪೆಟ್ ಹೊದಿಸಿದ ಹಾಗಿತ್ತು. ಫೆಬ್ರವರಿ ರಜೆ ಬಂತೆಂದರೆ ಆಫೀಸಿನವರು, ಹಿತಾಳ ಕ್ಲಾಸಿನವರು, ಎದುರು ಮನೆಯವರು, ಎಲ್ಲರೂ ಕಾರಿನ ತಲೆಯ ಮೇಲೆ ಉದ್ದನೆಯ ಪೆಟ್ಟಿಗೆ ಕಟ್ಟಿಕೊಂಡು ಆಲ್ಪ್ಸ್ ಕಡೆ ಓಡುತ್ತಿದ್ದರು. ವಾಮನನೂ ಬುಕ್ ಮಾಡಿದ. ಮೊದಲ ಸಲ ಫೆಬ್ರವರಿಗೆ ಜಾಗ ಸಿಗದೆ ಮಾರ್ಚಿಗೆ ಬುಕ್ ಮಾಡಿದ್ದ, ಹೊರಡುವ ಹೊತ್ತಿಗೆ ಕೊರೋನಾ ಬಂದು ಬೆಟ್ಟದೂರುಗಳೆಲ್ಲ ಬಾಗಿಲು ಹಾಕಿದವು. ಮರುವರ್ಷ ರಾತ್ರಿ ಕರ್ಫ್ಯೂ. ಬೆಟ್ಟ ಹೋಗಲಿ, ಊಟವಾದ ಮೇಲೆ ಬೀದಿ ಸುತ್ತುವ ಹಾಗೂ ಇರಲಿಲ್ಲ. ಈ ಸಲ ಅವನು ಹಟ ಹಿಡಿದ. "ಮೂರನೇ ಡೋಸ್ ಹಾಕ್ಸಿದೀನಿ, ಕ್ಯೂಆರ್ ಕೋಡ್ ಬಂದಿದೆ, ಇನ್ನು ಹಿಮಾಲಯಾನೇ ಅಡ್ಡ ಬಂದ್ರೂ ಆಲ್ಪ್ಸ್ ಹತ್ತೇ ಹತ್ತೋದು" ಎಂದು ಘೋಷಿಸಿದ.

ಘೋಷಿಸಿದ್ದು ಮನೆಯೊಳಗೆ, ಹೆಂಡತಿ ಮಗಳ ಮುಂದೆ ಮಾತ್ರ. ಆದರೂ ಮಾರನೆಯ ದಿನವೇ ಮೇಲಿನ ಮನೆಯ ನಾಗಮಣಿ ಬಾಗಿಲು ತಟ್ಟಿದರು. "ನಾವೂ ಅಲ್ಲೇ ಪಕ್ಕದ ಮನೆ ಬುಕ್ ಮಾಡಿದ್ವಿ ಮೈಥಿಲಿ! ಜೊತೆಗೆ ಜನ ಇದ್ರೆ ಚೆನ್ನ ಅಲ್ವಾ?"

ನಾಗಮಣಿ ಕೆಟ್ಟವರಲ್ಲ. ಕಷ್ಟವೆಂದರೆ ಮೊದಲು ಓಡಿಬರುವವರು ಅವರೇ. ಆದರೆ ಓಡಿಬಂದಷ್ಟೇ ವೇಗದಲ್ಲಿ ಆ ಕಷ್ಟವನ್ನು ಊರಿಗೆಲ್ಲ ಹಂಚಿಯೂ ಬಿಡುತ್ತಿದ್ದರು. ಹಿಂದಿನ ವರ್ಷ ವಾಮನ ಮನೆಯಲ್ಲೇ ಕೊರೋನಾ ಪರೀಕ್ಷೆ ಮಾಡಿಕೊಂಡು ಎರಡನೆಯ ಗೆರೆ ಮೂಡುತ್ತದೋ ಇಲ್ಲವೋ ಎಂದು ಇನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗಲೇ, ಮೈಸೂರಿನಿಂದ ಅಮ್ಮ ಫೋನ್ ಮಾಡಿ ಅಳತೊಡಗಿದ್ದರು. ಆ ದಿನ ನಾಗಮಣಿ ಸಕ್ಕರೆ ಕೇಳಿಕೊಂಡು ಒಂದು ನಿಮಿಷ ಒಳಗೆ ಬಂದುಹೋಗಿದ್ದರು, ಅಷ್ಟೇ.

ಅವರ ಯಜಮಾನರು ಸೋಮಶೇಖರ. ಹಿಂದೆಂದೋ ಟೂರಿನ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡ್ ನೋಡಿಬಂದವರಾದ್ದರಿಂದ ಹಿಮದ ಬಗ್ಗೆ ಅವರದೇ ಕೊನೆಯ ಮಾತು. ಮೈಥಿಲಿ ಮಾತು ಬಿಟ್ಟ ಆ ಬೆಳಿಗ್ಗೆ, ಸ್ಕೀ ಹಲಗೆಗಳನ್ನು ನೇಗಿಲಿನಂತೆ ಹೆಗಲ ಮೇಲೆ ಹೊತ್ತು, ಜೋಲುಮೋರೆ ಹಾಕಿಕೊಂಡು ಬರುತ್ತಿದ್ದ ವಾಮನನನ್ನು ಅವರು ಕಾಫಿ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿದರು.

"ಏನ್ರೀ ವಾಮನ, ಮುಖ ಹಿಂಗಿದೆ? ಆಲ್ಟಿಟ್ಯೂಡಾ?"

"ಅಲ್ಲ ಸರ್. ಮೈಥಿಲಿ ಮಾತು ಬಿಟ್ಟಿದಾಳೆ."

"ಕಾರಣ?"

"ಹೇಳ್ತಿಲ್ಲ."

ಸೋಮಶೇಖರ ಕಾಫಿ ಬಟ್ಟಲನ್ನು ಕೆಳಗಿಟ್ಟರು. "ನೋಡಿ, ಹೆಂಡತಿ ಮಾತು ಬಿಟ್ಟಾಗ ಕಾರಣ ಕೇಳೋದೇ ದೊಡ್ಡ ತಪ್ಪು. ಕೇಳಿದ್ರೆ, ‘ಅದೂ ಗೊತ್ತಿಲ್ವಾ’ ಅಂತ ಇನ್ನೊಂದು ಕೇಸ್ ಬೀಳುತ್ತೆ. ಸೀದಾ ಹೋಗಿ ಒಪ್ಕೊಂಡ್ಬಿಡಿ. ನಾನು ಇಪ್ಪತ್ತೈದು ವರ್ಷದಿಂದ ಒಪ್ಕೊಳ್ತಾನೇ ಇದೀನಿ. ಏನನ್ನ ಒಪ್ಕೊಂಡೆ ಅಂತ ಇವತ್ತಿಗೂ ಗೊತ್ತಿಲ್ಲ. ಸಂಸಾರ ಚೆನ್ನಾಗಿದೆ."

"ನಾಗಮಣಿಯವ್ರು ಎಲ್ಲಿ?"

"ಇಲ್ಲೇ ಎಲ್ಲೋ ಫೋಟೋ ತೆಗೆಸ್ಕೊಳ್ತಿದಾಳೆ. ಅವಳು ಮೇಲೆಲ್ಲ ಬರಲ್ಲ. ಮನೆ ಅಟ್ಟ ಹತ್ತೋಕೂ ಹೆದರ್ತಾಳೆ."

ವಾಮನನಿಗೆ ಅವರ ಮಾತು ವೇದವಾಕ್ಯದಂತೆ ಕೇಳಿಸಿತು. ಹೌದು, ಒಪ್ಪಿಕೊಂಡುಬಿಡಬೇಕು. ಇವತ್ತೇ, ಈಗಲೇ. ಇಷ್ಟು ವರ್ಷ ಕಾದು ಬಂದ ಬೆಟ್ಟವನ್ನು ಹೆಂಡತಿಯ ಬೆನ್ನು ನೋಡಿಕೊಂಡು ಹತ್ತುವುದಕ್ಕೆ ಅವನು ತಯಾರಿರಲಿಲ್ಲ.

ಆದರೆ ಹೆಂಡತಿಯ ಹತ್ತಿರ ಹೋಗುವುದು ಹೇಗೆ? ಬೆಟ್ಟದ ಬುಡದ ಸಣ್ಣ ಇಳಿಜಾರಿನಲ್ಲಿ ಹೊಸಬರಿಗೆ ಪಾಠ ನಡೆಯುತ್ತಿತ್ತು; ಹಿತಾಳನ್ನು ಆಗಲೇ ಮಕ್ಕಳ ಪಾಠಕ್ಕೆ ಮೇಲೆ ಕರೆದೊಯ್ದಿದ್ದರು. ಮೈಥಿಲಿ ಆ ಕೊನೆಯಲ್ಲಿ, ಇವನು ಈ ಕೊನೆಯಲ್ಲಿ. ಹಲಗೆಗಳ ಮೂತಿ ಎರಡನ್ನೂ ಹತ್ತಿರ ತಂದು ಪಿಜ್ಜಾ ತುಂಡಿನ ಆಕಾರ ಮಾಡಿದರೆ ಅದೇ ಬ್ರೇಕು ಎಂದು ಹೇಳಿಕೊಟ್ಟರು. ಪುರಾಣದ ವಾಮನ ಮೂರು ಹೆಜ್ಜೆಯಲ್ಲಿ ಮೂರು ಲೋಕ ಅಳೆದ. ಈ ವಾಮನ ಆರಡಿ ಎತ್ತರವಿದ್ದೂ, ಇಟ್ಟ ಒಂದೊಂದು ಹೆಜ್ಜೆಗೂ ತನ್ನ ಪೂರ್ತಿ ಉದ್ದವನ್ನೇ ನೆಲದ ಮೇಲೆ ಅಳೆದ. ಮೈಥಿಲಿಯ ಕಡೆಗೆ ಹೊರಟರೆ ಹಲಗೆಗಳು ಕಸದ ಡಬ್ಬಿಯ ಕಡೆಗೆ ಒಯ್ದವು. ಎದ್ದು, ಮೀಸೆಗೆ ಅಂಟಿದ ಹಿಮ ಒರೆಸಿಕೊಂಡು ನೋಡುವಷ್ಟರಲ್ಲಿ ಆ ಕೊನೆಯಲ್ಲಿ ಮೈಥಿಲಿ ಇರಲಿಲ್ಲ.

ಸುತ್ತ ಕಣ್ಣು ಹಾಯಿಸಿದ. ಅಗೋ, ನೇರಳೆ ಜಾಕೆಟ್, ಬಿಳಿ ಹೆಲ್ಮೆಟ್! ಕೇಬಲ್ ಕಾರಿನ ಸರದಿಯಲ್ಲಿ ಒಳಗೆ ಹೋಗುತ್ತಿದ್ದಾಳೆ! ಇವನ ಮೇಲಿನ ಸಿಟ್ಟಿಗೆ ಒಬ್ಬಳೇ ಬೆಟ್ಟ ಹತ್ತಲು ಹೊರಟಿದ್ದಾಳೆ!

ವಾಮನ ಹಲಗೆಗಳನ್ನು ಬಿಚ್ಚಿ ಕೋಲುಗಳ ಜೊತೆ ಕಂಕುಳಲ್ಲಿ ಇರುಕಿಕೊಂಡು ಓಡಿದ. ಸ್ಕೀ ಬೂಟಿನಲ್ಲಿ ಓಡುವುದೆಂದರೆ ಒಂದೊಂದು ಕಾಲಿಗೆ ಒಂದೊಂದು ಒರಳು ಕಟ್ಟಿಕೊಂಡು ಓಡಿದ ಹಾಗೆ. ಗೇಟಿನಲ್ಲಿ ಕ್ಯೂಆರ್ ಕೋಡ್ ತೋರಿಸಬೇಕಿತ್ತು. ಮಾಸ್ಕ್ ಹಾಕಿದ ಮುಖವನ್ನು ಫೋನು ಗುರುತಿಸಲಿಲ್ಲ. ಮಾಸ್ಕ್ ಕೆಳಗಿಳಿಸಿದರೆ ಗೇಟಿನವನು "ಮಾಸ್ಕ್! ಮಾಸ್ಕ್!" ಎಂದು ಗದರಿದ. ಇಬ್ಬರನ್ನೂ ಸಮಾಧಾನ ಮಾಡಿ, ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ಭುಜ ಕೊಟ್ಟು, ಕೇಬಲ್ ಕಾರಿನ ಡಬ್ಬಿಯೊಳಗೆ ನುಗ್ಗಿ ನೇರಳೆ ಜಾಕೆಟ್ಟಿನ ಪಕ್ಕದಲ್ಲಿ ಧೊಪ್ಪನೆ ಕೂತ.

ಎದುರಿಗೆ ಒಬ್ಬ ಡಚ್ ಮುದುಕ ಕೂತಿದ್ದ. ಮಾಸ್ಕಿನ ಮೇಲೆ ಅವನ ನೀಲಿ ಕಣ್ಣು ಮಾತ್ರ ಕಾಣುತ್ತಿತ್ತು. ನೇರಳೆ ಜಾಕೆಟ್ಟಿನವಳ ಕಣ್ಣೂ ಕಾಣುತ್ತಿರಲಿಲ್ಲ. ಕಪ್ಪು ಕನ್ನಡಕ, ಬಿಳಿ ಮಾಸ್ಕು, ಕಿವಿ ಮುಚ್ಚುವ ಹೆಲ್ಮೆಟ್ಟು. ಇವನು ಕೂತಾಗ ಒಮ್ಮೆ ತಿರುಗಿ ನೋಡಿ ತಲೆಯಾಡಿಸಿ, ಮತ್ತೆ ಮುಂದಕ್ಕೆ ತಿರುಗಿ ಕಲ್ಲಿನ ಹಾಗೆ ಕೂತಳು. ಡಬ್ಬಿ ನೆಲ ಬಿಟ್ಟು ಮೇಲೆದ್ದಿತು.

"ಮೈಥಿಲಿ," ಎಂದ ವಾಮನ. "ನೀನು ಮಾತಾಡ್ಬೇಡ. ನಾನು ಹೇಳೋದನ್ನ ಕೇಳು ಸಾಕು."

ಅವಳು ತಲೆಯಾಡಿಸಿದಳು. ಅವನಿಗೆ ಧೈರ್ಯ ಬಂತು.

"ನಿಂಗೆಲ್ಲಾ ಗೊತ್ತಾಗಿದೆ. ನಾನು ಒಪ್ಕೊಳ್ತೀನಿ. ಬುಧವಾರ ಬುಧವಾರ ಆಫೀಸಿಗೆ ಕರೀತಾರೆ, ಹೋಗ್ಲೇಬೇಕು ಅಂತ ಹೇಳ್ತಿದ್ನಲ್ಲ, ಅದು ಸುಳ್ಳು. ಒಂದಿನಾನೂ ಕರ್ದಿಲ್ಲ. ಆಫೀಸಿಗೆ ಬೀಗ ಹಾಕಿತ್ತು."

ತಲೆ ಮತ್ತೆ ಆಡಿತು, ನಿಧಾನವಾಗಿ, ‘ಹ್ಞೂಂ, ಮುಂದೆ’ ಎನ್ನುವಂತೆ.

"ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟು ಸೀದಾ ನೂರ್ಡ್‌ವೈಕ್ ಬೀಚಿಗೆ ಹೋಗ್ತಿದ್ದೆ. ಸಮುದ್ರದ ಮುಂದೆ ಕಾರ್ ನಿಲ್ಲಿಸಿ, ಸೀಟ್ ಹಿಂದಕ್ಕೆ ಹಾಕಿ, ದೊಡ್ಡ ಪೊಟ್ಟಣ ಆಲೂಗಡ್ಡೆ ಫ್ರೈಸು, ಮೇಯೊನೇಸು... ತಿಂದು ಮಲಗ್ತಿದ್ದೆ. ಲ್ಯಾಪ್‌ಟಾಪ್ ತೆಗೆದು ಆಗಾಗ ಎರಡು ಮೇಲ್ ಕಳಿಸ್ತಿದ್ದೆ, ಅಷ್ಟೇ. ಬೇರೇನಿಲ್ಲ ಕಣೇ, ದೇವರಾಣೆ. ಮನೇಲಿ ಮೂರು ಜನ, ಮೂರು ಸ್ಕ್ರೀನು, ಒಂದೇ ಮೇಜು. ನನಗೆ ವಾರಕ್ಕೊಂದಿನ ಯಾರೂ ಕರೀದೇ ಇರೋ ಜಾಗದಲ್ಲಿ ಸುಮ್ನೆ ಕೂರ್ಬೇಕು ಅನ್ನಿಸ್ತು. ಮೊದಲ್ನೇ ಸಲ ಭಯ ಆಯ್ತು. ಆಮೇಲೆ ಅಭ್ಯಾಸ ಆಯ್ತು."

ಗಾಳಿಗೆ ಡಬ್ಬಿ ತೊಟ್ಟಿಲಿನಂತೆ ತೂಗಿತು. ಅವಳು ಥಟ್ಟನೆ ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ವಾಮನನ ಕಣ್ಣು ತುಂಬಿ ಬಂತು. ಕೆಳಗೆ ಹೋಗಿ ಸೋಮಶೇಖರರ ಕಾಲಿಗೆ ಬೀಳಬೇಕು ಎಂದುಕೊಂಡ.

"ಇನ್ನೂ ಒಂದಿದೆ. ನಿಂಗೆ ಲಸಿಕೆ ಜ್ವರ ಬಂದಿತ್ತಲ್ಲ, ಆ ಬುಧವಾರಾನೂ ಹೊರಟಿದ್ದೆ. ಅರ್ಧ ದಾರಿಗೆ ಮನಸ್ಸು ತಡೀಲಿಲ್ಲ, ವಾಪಸ್ ಬಂದೆ. ಮೀಟಿಂಗ್ ಕ್ಯಾನ್ಸಲ್ ಆಯ್ತು ಅಂದೆ. ನೀನು ‘ಪಾಪ, ನನಗೋಸ್ಕರ ರಜಾ ಹಾಕ್ಬೇಡಿ’ ಅಂದೆ. ಅವತ್ತಿಂದ ನಂಗೆ ಆ ಫ್ರೈಸ್ ರುಚಿಸ್ತಿಲ್ಲ ಕಣೇ. ಆದ್ರೂ ತಿಂದೆ."

ಅವಳ ತಲೆ ಒಂದೇ ಸಮನೆ ಆಡುತ್ತಲೇ ಇತ್ತು. ಎದುರಿನ ಮುದುಕ ಮುಂದಕ್ಕೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದ: "ಸರ್, ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ನಾನಾಗಿದ್ದರೆ ಕ್ಷಮಿಸುತ್ತಿದ್ದೆ."

ಡಬ್ಬಿ ತುದಿಯ ನಿಲ್ದಾಣ ತಲುಪಿತು. ಬಾಗಿಲು ತೆರೆದದ್ದೇ ಚೂರಿಯಂಥ ಗಾಳಿ ಮುಖಕ್ಕೆ ಬಡಿಯಿತು. ಸುತ್ತ ಎತ್ತ ನೋಡಿದರೂ ಬೆಳ್ಳಗೆ ಹೊಳೆಯುವ ಶಿಖರಗಳು. ಮೂರು ವರ್ಷದಿಂದ ಕಾದ ನೋಟ. ಈಗ ಮೈಥಿಲಿಯ ಕೈ ಹಿಡಿದು ಅಲ್ಲಿ ನಿಲ್ಲಬೇಕೆಂದು ವಾಮನ ತಿರುಗಿದ. ಅವಳು ಕಪ್ಪು ಕನ್ನಡಕ ತೆಗೆದಳು. ಮಾಸ್ಕ್ ಕೆಳಗಿಳಿಸಿದಳು.

ನಾಗಮಣಿ! ಸೇಲಿನಲ್ಲಿ ಮೈಥಿಲಿ ಕೊಂಡ ಜಾಕೆಟ್ಟನ್ನು ನೋಡಿ ಮಾರನೆಯ ದಿನವೇ ಅವರೂ ಅಂಥದ್ದೇ ತಂದಿದ್ದರು; ಬಿಳಿ ಹೆಲ್ಮೆಟ್ಟಂತೂ ಬಾಡಿಗೆ ಅಂಗಡಿಯವನು ಎಲ್ಲರಿಗೂ ಕೊಟ್ಟದ್ದು.

"ಅಬ್ಬಬ್ಬಾ ವಾಮನ ಅವ್ರೇ!" ಎಂದರು ನಾಗಮಣಿ. ಅವರ ಕಣ್ಣು ಅರಳಿತ್ತು. "ಎಂಥಾ ಅನುಭವ! ಮೈ ಇನ್ನೂ ನಡುಗ್ತಿದೆ ನೋಡಿ. ಇದನ್ನ ಮೊದ್ಲು ಮೈಥಿಲಿಗೆ ಹೇಳ್ಬೇಕು!"

ವಾಮನನ ಬಾಯಿಂದ ಹೊರಟ ಉಸಿರು ಅಲ್ಲೇ ಹೆಪ್ಪುಗಟ್ಟಿತು. "ಮೈ... ಮೈಥಿಲಿಗೆ ಬೇಡ."

"ಯಾಕ್ ಬೇಡ? ಅವರ ಯಜಮಾನ್ರು ಎಂಥೋರು ಅಂತ ಅವರಿಗೂ ಗೊತ್ತಾಗ್ಲಿ!"

"ನಾಗಮಣಿಯವ್ರೇ, ಕೈ ಮುಗೀತೀನಿ. ಸಂಸಾರದ ವಿಷಯ."

"ಏನ್ ಸಂಕೋಚಾನಪ್ಪ ನಿಮ್ದು! ಬರೀ ಮೈಥಿಲಿಗಲ್ಲ, ಆಮ್‌ಸ್ಟೆಲ್‌ವೇನಿಗೆಲ್ಲ ಹೇಳೋಳೇ ನಾನು." ಗಾಳಿ ಇನ್ನೊಮ್ಮೆ ಬೀಸಿತು. ನಾಗಮಣಿಯವರ ಮುಖ ಬಿಳಿಚಿತು. "ಅಯ್ಯಪ್ಪಾ, ಇಲ್ಲಿ ನಿಲ್ಲೋಕಾಗಲ್ಲ. ನಾನು ಮೊದಲ ಡಬ್ಬೀಲೇ ಇಳೀತೀನಿ."

ವಾಮನ ಇಳಿದಾಗ ನಿಲ್ದಾಣದ ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಎತ್ತಿಕೊಂಡು ಹಿಂದೆ ಓಡಿಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಗಾಜಿನ ಹಿಂದೆ ನಾಗಮಣಿ ಮಾಸ್ಕ್ ಏರಿಸಿಕೊಂಡು ಕೈ ಬೀಸುತ್ತಿದ್ದರು. ಅವರ ಡಬ್ಬಿ ಹೊರಟದ್ದೇ ನಿಲ್ದಾಣದವನು ಅಡ್ಡಲಾಗಿ ಹಗ್ಗ ಕಟ್ಟಿದ. ಗಾಳಿ ಜೋರಾಗಿದೆ, ಹೊರಟ ಡಬ್ಬಿಗಳನ್ನು ನಿಧಾನವಾಗಿ ಇಳಿಸುತ್ತೇವೆ, ಹೊಸದಾಗಿ ಯಾರನ್ನೂ ಹತ್ತಿಸುವುದಿಲ್ಲ ಎಂದ.

ವಾಮನ ಮೈಥಿಲಿಗೆ ಫೋನ್ ಮಾಡಿದ. ಅವಳು ಕತ್ತರಿಸಿದಳು. ಮತ್ತೆ ಮಾಡಿದ. ಮತ್ತೆ ಕತ್ತರಿಸಿದಳು. ‘ನಾಗಮಣಿ ಏನು ಹೇಳಿದರೂ ನಂಬಬೇಡ’ ಎಂದು ಮೆಸೇಜ್ ಬರೆದ. ಓದಿ ನೋಡಿದಾಗ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇರೊಂದಿಲ್ಲ ಅನ್ನಿಸಿ ಅಳಿಸಿದ.

ಉಳಿದದ್ದು ಒಂದೇ ದಾರಿ. ಅದು ಕಾಲಡಿಯಿಂದಲೇ ಕೆಳಕ್ಕೆ ಜಾರಿಕೊಂಡು ಹೋಗಿ ಎಲ್ಲೋ ತಳದಲ್ಲಿ ಬೆಂಕಿಪೆಟ್ಟಿಗೆಯಷ್ಟಾಗಿ ಕಾಣುವ ಊರಿನಲ್ಲಿ ಮುಗಿಯುತ್ತಿತ್ತು. ಸುಳ್ಳು ಹೇಳಿದ್ದು ತಾನು. ಮೈಥಿಲಿ ಅದನ್ನು ಕೇಳುವುದಾದರೆ ತನ್ನ ಬಾಯಿಂದ ಕೇಳಲಿ, ನಾಗಮಣಿಯ 'ಬ್ರೇಕಿಂಗ್ ನ್ಯೂಸ್'ನಲ್ಲಿ ಅಲ್ಲ. ವಾಮನ ಹಲ್ಲು ಕಚ್ಚಿ ಹಲಗೆಗಳಿಗೆ ಬೂಟು ಸಿಕ್ಕಿಸಿದ. ಮನೆದೇವರನ್ನು ನೆನೆದು ಕೋಲು ಊರಿ ತಳ್ಳಿದ.

ಮೊದಲ ತಿರುವಿನವರೆಗೆ ಮುಂದಕ್ಕೆ ಹೋದ. ಅಲ್ಲಿಂದ ಹಿಂದಕ್ಕೆ ಹೋದ. ಬಿದ್ದ, ಎದ್ದ, ಒಂದು ಕೋಲು ಕಳೆದುಕೊಂಡ. ಪಕ್ಕದಲ್ಲಿ ಸುಯ್ಯೆಂದು ಹಾದುಹೋದ ಪ್ರತಿಯೊಬ್ಬ ಡಚ್ಚನೂ ಒಂದೊಂದು ಸಲಹೆ ಎಸೆದುಹೋದ. "ಮೊಣಕಾಲು ಬಗ್ಗಿಸು!" "ಬಗ್ಗಬೇಡ, ನೆಟ್ಟಗೆ ನಿಲ್ಲು!" "ಕೆಳಗೆ ನೋಡಬೇಡ!" ಒಬ್ಬ ಹೆಂಗಸು ಮಾತ್ರ ಕಷ್ಟಪಟ್ಟು ನಿಂತು, ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಮಾಡುತ್ತಿರುವುದು ಪೂರ್ತಿ ತಪ್ಪು" ಎಂದು ತೀರ್ಪು ಕೊಟ್ಟು ಮುಂದೆ ಹೋದಳು. ಯಾವುದು ತಪ್ಪೆಂದು ಅವಳು ಹೇಳಲಿಲ್ಲ. ವಾಮನನಿಗೆ ಬುಧವಾರವೇ ಕಣ್ಣ ಮುಂದೆ ಬಂತು.

ಮಧ್ಯದ ಬಯಲಿನಲ್ಲಿ ಹಳದಿ ಅಂಗಿ ತೊಟ್ಟ ಮಕ್ಕಳು ಬಾತುಕೋಳಿ ಮರಿಗಳ ಹಾಗೆ ಸಾಲಾಗಿ ಇಳಿಯುತ್ತಿದ್ದರು. ಸಾಲಿನ ಕೊನೆಯ ಮರಿ ಚೀರಿತು.

"ಪಪ್ಪಾ! ಪಿಜ್ಜಾ! ಪಪ್ಪಾ, ಪಿಜ್ಜಾ ಮಾಡಿ!"

"ಬ್ರೇಕ್ ಬೇಡ ಹಿತಾ! ಅಮ್ಮನ ಹತ್ರ ಬೇಗ ಹೋಗ್ಬೇಕು!" ಎಂದು ಕೂಗುತ್ತ ವಾಮನ ಆ ಸಾಲಿನ ಪಕ್ಕದಿಂದ ಒಂದೇ ಹಲಗೆಯ ಮೇಲೆ ಹಾದುಹೋದ. ಇನ್ನೊಂದು ಹಲಗೆ ಅವನಿಗಿಂತ ಮುಂದೆ ಒಬ್ಬಂಟಿಯಾಗಿ ಹೋಗುತ್ತಿತ್ತು. ಸ್ವಲ್ಪ ದೂರದಲ್ಲಿ ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದರು. ಅವನು ಬಲೆಗೆ ಬಿದ್ದ ಮೀನಿನಂತೆ ಅಲ್ಲ, ತೆಂಗಿನಕಾಯಿ ಮೂಟೆಯಂತೆ ಹೋಗಿ ಬಿದ್ದ.

ಕೆಂಪು ಉಡುಪಿನ ರಕ್ಷಣಾ ಪಡೆಯವನೊಬ್ಬ ದೋಣಿಯ ಆಕಾರದ ಜಾರುಬಂಡಿ ಎಳೆದುಕೊಂಡು ಬಂದ. "ಎಲ್ಲಿ ನೋವು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ವಾಮನನಿಗೆ ನೋವೇನೂ ಇರಲಿಲ್ಲ. ಅವನು ಮೇಲೆ ನೋಡಿದ. ನೆತ್ತಿಯ ಮೇಲೆ ತಂತಿಯಲ್ಲಿ ಒಂದು ಡಬ್ಬಿ ನಿಂತು ತೂಗಾಡುತ್ತಿತ್ತು. ಗಾಜಿನ ಹಿಂದೆ ನೇರಳೆ ಬಣ್ಣ ಕಂಡಿತು. ಡಬ್ಬಿ ಮತ್ತೆ ಅಲುಗಿ ಕೆಳಗೆ ಹೊರಟಿತು.

"ಈ ಬಂಡಿಯಲ್ಲಿ ಎಷ್ಟು ಬೇಗ ಕೆಳಗೆ ಹೋಗಬಹುದು?"

"ಎಲ್ಲಕ್ಕಿಂತ ಬೇಗ."

"ಹಾಗಾದರೆ ಕಾಲು," ಎಂದ ವಾಮನ. "ಎರಡೂ."

ಅವನು ವಾಮನನಿಗೆ ಕಂಬಳಿ ಸುತ್ತಿ, ಎದೆಗೂ ಸೊಂಟಕ್ಕೂ ಕಾಲಿಗೂ ಪಟ್ಟಿ ಬಿಗಿದು, ಸಾಕ್ಷಾತ್ ಚಟ್ಟ ಕಟ್ಟಿದ ಹಾಗೆ ಕಟ್ಟಿದ. ಬಂಡಿ ಬಾಣದಂತೆ ಇಳಿಯಿತು. ಆಕಾಶ, ಮರ, ಆಕಾಶ. ತಲೆಯ ಮೇಲಿನ ಡಬ್ಬಿ ಹಿಂದೆ ಬಿತ್ತು. ಬದುಕಿನಲ್ಲಿ ಮೊದಲ ಸಲ ವಾಮನ ನಾಗಮಣಿಯವರಿಗಿಂತ ಮುಂದಿದ್ದ.

ಕೆಳಗೆ ಕಾಫಿ ಅಂಗಡಿಯ ಬೆಂಚಿನ ಮೇಲೆ ಮೈಥಿಲಿ ಕೂತಿದ್ದಳು. ಪಾಠ ಮುಗಿಸಿ, ಸೂಪು ಕುಡಿಯುತ್ತಿದ್ದಳು. ಪಕ್ಕದಲ್ಲಿ ಸೋಮಶೇಖರ ಬಿಸಿಲಿಗೆ ಮುಖವೊಡ್ಡಿ ಗೊರಕೆ ಹೊಡೆಯುತ್ತಿದ್ದರು. ಬಂಡಿ ಬಂದು ನಿಂತಿತು. ಕಂಬಳಿಯ ತುದಿಯಲ್ಲಿ ಹಿಮ ಮೆತ್ತಿದ ಪರಿಚಿತ ಮೀಸೆ ಕಂಡದ್ದೇ ಸೂಪಿನ ಬಟ್ಟಲು ಅವಳ ಕೈಯಿಂದ ಬಿತ್ತು.

"ಅಯ್ಯೋ, ರೀ!" ಓಡಿಬಂದು ಹಿಮದ ಮೇಲೆ ಮೊಣಕಾಲೂರಿದಳು. "ಏನಾಯ್ತು ರೀ? ಕಣ್ಣು ಬಿಡಿ! ಫೋನ್ ಮಾಡಿದಾಗ ಎತ್ಲಿಲ್ವಲ್ಲಾ ನಾನು, ಪಾಪಿ! ಹಾಳಾದ್ ಒಂದು ಕುಕ್ಕರಿಗೋಸ್ಕರ ಬೆಳಿಗ್ಗೆಯಿಂದ ನಿಮ್ಮ ಮುಖ ನೋಡ್ಲಿಲ್ಲ!"

ವಾಮನ ಕಣ್ಣು ಬಿಟ್ಟ. "ಕುಕ್ಕರಾ?"

"ವೈರ್ ತಂದು ಕುಕ್ಕರ್ ಮನೇಲೇ ಬಿಟ್ಟು ಬಂದಿದ್ರಲ್ಲ, ಅದಕ್ಕೇ ಸಿಟ್ಟು ಬಂತು. ಹೋಗ್ಲಿ ಬಿಡಿ ರೀ. ಪಾತ್ರೇಲಿ ಅನ್ನ ಮಾಡ್ತೀನಿ. ನೀವು ಚೆನ್ನಾಗಿದ್ರೆ ಸಾಕು."

"ಅಷ್ಟೇನಾ? ಕುಕ್ಕರ್ ಅಷ್ಟೇನಾ?"

"ಇನ್ನೇನಿರತ್ತೆ?"

ಅವಳು ಕೈಗವಸು ಕಿತ್ತೆಸೆದು ಬರಿಗೈಯಿಂದ ಅವನ ಕೆನ್ನೆಯ ಮೇಲಿನ ಹಿಮ ಒರೆಸುತ್ತಿದ್ದಳು. ಆ ಕೈ ಬಿಸಿಯಾಗಿತ್ತು. ಹಾಗೇ ಕಣ್ಣು ಮುಚ್ಚಿ ಮಲಗಿಬಿಟ್ಟರೆ ರಜೆಯ ಉಳಿದ ದಿನಗಳೆಲ್ಲ ಹೀಗೇ ಕಳೆಯಬಹುದು. ಬಿಸಿ ಅನ್ನ, ತಿಳಿಸಾರು, ಕಾಲಿಗೆ ಎಣ್ಣೆ ನೀವುವ ಹೆಂಡತಿ. ವಾಮನ ಕೇಬಲ್ ಕಾರಿನ ನಿಲ್ದಾಣದ ಕಡೆ ನೋಡಿದ. ಡಬ್ಬಿ ಒಳಗೆ ಬರುತ್ತಿತ್ತು. ಬಾಗಿಲು ತೆರೆಯಲು ಇನ್ನೊಂದು ನಿಮಿಷ.

ಅವನು ಕಣ್ಣು ಮುಚ್ಚಲಿಲ್ಲ. "ಮೈಥಿಲಿ, ಕೈ ತೆಗೀಬೇಡ. ಬೇರೆಯವರು ಹೇಳೋ ಮುಂಚೆ ನಾನೇ ಹೇಳ್ತೀನಿ" ಎಂದು, ಒಂದೇ ಉಸಿರಿನಲ್ಲಿ ಬುಧವಾರ, ಇಸ್ತ್ರಿ ಶರ್ಟು, ನೂರ್ಡ್‌ವೈಕು, ಫ್ರೈಸು, ನಿದ್ದೆ, ಎಲ್ಲವನ್ನೂ ಹೇಳಿ ಮುಗಿಸಿದ.

ಕೈ ಹೋಯಿತು.

ಮೈಥಿಲಿ ಎಸೆದಿದ್ದ ಕೈಗವಸನ್ನು ಎತ್ತಿ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಬುಧವಾರ ಹಿತಾಗೆ ಮಧ್ಯಾಹ್ನಕ್ಕೇ ಸ್ಕೂಲ್ ಮುಗಿಯತ್ತೆ, ಗೊತ್ತಲ್ವಾ ನಿಮಗೆ?"

"ಗೊತ್ತು."

"ಅವಳಿಗೆ ಊಟ ಹಾಕಿ, ಈಜಿಗೆ ಬಿಟ್ಟು, ಮಳೇಲಿ ಸೈಕಲ್ ತುಳ್ಕೊಂಡು ಬಂದು, ಒದ್ದೆ ತಲೇಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಮೀಟಿಂಗಲ್ಲಿ ಕೂರ್ತಿದ್ದೆ. ಸಂಜೆ ನಿಮಗೆ ಬಿಸಿ ರೊಟ್ಟಿ ತಟ್ಟಿ ಕೊಡ್ತಿದ್ದೆ, ಪಾಪ ಆಫೀಸಿಂದ ಸುಸ್ತಾಗಿ ಬಂದಿದಾರೆ ಅಂತ. ಸುಮ್ನೆ ಕೂರೋ ಆಸೆ ನಂಗಿರ್ಲಿಲ್ವಾ ರೀ?"

ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಳ್ಳುವ ವಾಮನನಿಗೆ ಆ ಪ್ರಶ್ನೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ತಲೆ ತಗ್ಗಿಸೋಣವೆಂದರೆ ಪಟ್ಟಿ ಬಿಗಿದಿತ್ತು.

ಅಷ್ಟರಲ್ಲಿ "ಮೈಥಿಲೀ!" ಎಂದು ಕೂಗುತ್ತ ನಾಗಮಣಿ ಹಿಮ ಹಾರಿಸಿಕೊಂಡು ಬಂದೇಬಿಟ್ಟರು. ಮೈಥಿಲಿ ಎದ್ದು ನಿಂತು, ತಣ್ಣನೆಯ ದನಿಯಲ್ಲಿ ಹೇಳಿದಳು. "ಗೊತ್ತಾಯ್ತು ನಾಗಮಣಿಯವ್ರೇ. ಇವರೇ ಹೇಳಿದ್ರು."

"ಹೇಳಿಬಿಟ್ರಾ? ನೋಡಿ, ಮೇಲೆ ಮಾತ್ರ ಬೇಡ ಬೇಡ ಅಂತ ನಾಚ್ಕೋತಿದ್ರು!" ನಾಗಮಣಿ ಎದೆ ಮೇಲೆ ಕೈಯಿಟ್ಟುಕೊಂಡು ಉಸಿರೆಳೆದರು. "ನಮ್ಮ ಯಜಮಾನ್ರು ಕಾಫಿ ಕುಡಿದು ನಿದ್ದೆ ಹೊಡೆದ್ರು. ಇಷ್ಟು ದೂರ ಬಂದು ಬೆಟ್ಟ ಹತ್ಲಿಲ್ಲ ಅಂದ್ರೆ ಜನ ಏನಂತಾರೆ ಅಂತ, ಧೈರ್ಯ ಮಾಡಿ ಹತ್ತೇಬಿಟ್ಟೆ. ಬಾಗಿಲು ಹಾಕಿದ್ದೇ ಪ್ರಾಣ ಹೋಯ್ತು! ಪುಣ್ಯಾತ್ಮ, ನಿಮ್ಮ ಯಜಮಾನ್ರು ಓಡಿಬಂದು ಪಕ್ಕದಲ್ಲಿ ಕೂತ್ರು. ದಾರಿಯುದ್ದಕ್ಕೂ ಅವರ ತೋಳು ಹಿಡ್ಕೊಂಡಿದ್ದೆ. ಒಂದು ಮಾತು ಬೇಜಾರು ಮಾಡ್ಕೊಳ್ಲಿಲ್ಲ. ಇಂಥಾ ಗಂಡನ್ನ ಪಡಿಯೋಕೆ ನೀವು ಪುಣ್ಯ ಮಾಡಿರ್ಬೇಕು! ಇದನ್ನ ನಿಮಗೆ ಹೇಳ್ಲೇಬೇಕು ಅಂತ ಮೇಲೇ ಅಂದ್ಕೊಂಡೆ."

ಬಂಡಿಯೊಳಗಿಂದ ಬಾವಿಯ ತಳದಿಂದ ಬಂದಂಥ ದನಿ ಕೇಳಿಸಿತು. "ಮತ್ತೆ... ನಾನು ಹೇಳಿದ್ದು?"

"ನೀವು ಏನೋ ಹೇಳ್ತಾನೇ ಇದ್ರಿ, ಪಾಪ, ಧೈರ್ಯ ತುಂಬ್ತಿದ್ರಿ ಅನ್ಸತ್ತೆ. ನಾನು ಹೆದರಿಕೆಗೆ ಕಿವಿಗೆ ಇಯರ್‌ಫೋನ್ ತುರುಕ್ಕೊಂಡು, ಡಬ್ಬಿ ನಿಲ್ಲೋ ತನಕ ಭಜನೆ ಫುಲ್ ಸೌಂಡಲ್ಲಿ ಹಾಕಿ, ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ದೆ. ತಾಳಕ್ಕೆ ತಲೆ ಆಡಿಸ್ತಾ ಇದ್ರೆ ಭಯ ಕಮ್ಮಿ ಆಗತ್ತೆ. ದೇವರಾಣೆ, ನಿಮ್ಮ ಒಂದು ಮಾತೂ ಕಿವಿಗೆ ಬೀಳ್ಲಿಲ್ಲ."

ವಾಮನ ಆಕಾಶವನ್ನು ನೋಡಿದ. ಆಕಾಶ ನಿರ್ಮಲವಾಗಿತ್ತು.

ನಾಗಮಣಿ ಈಗ ಗಂಡ ಹೆಂಡತಿಯರ ಮುಖವನ್ನು ಒಂದಾದ ಮೇಲೊಂದು ನೋಡಿದರು. ಇಷ್ಟು ಹೊತ್ತು ನಡುಗುತ್ತಿದ್ದ ಅವರ ಮೈ ನಡುಗುವುದನ್ನು ನಿಲ್ಲಿಸಿತು. "ಯಾಕೆ? ಏನಾದ್ರೂ ವಿಶೇಷ ಹೇಳಿದ್ರಾ?"

"ಏನಿಲ್ಲ ನಾಗಮಣಿಯವ್ರೇ," ಎಂದ ವಾಮನ, "ಹವಾಮಾನದ ವಿಷಯ..."

"ಬನ್ನಿ ನಾಗಮಣಿಯವ್ರೇ, ಇಲ್ಲಿ ಕೂತ್ಕೊಳ್ಳಿ," ಎಂದಳು ಮೈಥಿಲಿ. ಬಂಡಿಯ ಪಕ್ಕದ ಬೆಂಚಿನ ಮೇಲಿನ ಹಿಮವನ್ನು ಕೈಯಿಂದ ಒರೆಸಿ ಜಾಗ ಮಾಡಿದಳು. "ನಾನು ಮೊದಲಿಂದ ಹೇಳ್ತೀನಿ. ಬುಧವಾರ ಬುಧವಾರ ಇವರು ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಡ್ತಿದ್ರು..."

ನಾಗಮಣಿ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎಡಗಿವಿಯಿಂದ ಒಂದು, ಬಲಗಿವಿಯಿಂದ ಒಂದು, ಇಯರ್‌ಫೋನ್ ಎರಡನ್ನೂ ಬಿಚ್ಚಿ ಜೋಪಾನವಾಗಿ ಡಬ್ಬಿಗೆ ಹಾಕಿದರು. ಗಂಡನನ್ನು ಮೊಣಕೈಯಿಂದ ತಿವಿದು ಎಬ್ಬಿಸಿದರು. ವಾಮನ ಎದ್ದು ಓಡೋಣವೆಂದು ಮಿಸುಕಾಡಿದ. ಕೆಂಪು ಉಡುಪಿನವನು ಅವನ ಎದೆಯ ಮೇಲೆ ಮೃದುವಾಗಿ ಕೈಯಿಟ್ಟು, ಡಾಕ್ಟರು ಬಂದು ನೋಡುವವರೆಗೆ ಒಂದಿಂಚೂ ಅಲುಗಾಡಬಾರದು ಎಂದು ಹೇಳಿ, ಪಟ್ಟಿಗಳನ್ನು ಇನ್ನೊಂದು ಸುತ್ತು ಬಿಗಿದ.